ಮೂರು ಕಲ್ಲಿನ ಖಬರ್

ಝುಬೈದಾ ಊರಿನಿಂದ ಕಲ್ಲು ತಂದಿದ್ದಾಳೆ ಎಂದು ಅವಳ ಮಗಳು ರಾಫಿಯಾ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ಒಮಾನಿಗೆ ಕಲ್ಲು ತರುವವರುಂಟೇ? ಎಣ್ಣೆಯನ್ನು ಬಿಟ್ಟರೆ ಈ ದೇಶಕ್ಕೆ ಸೃಷ್ಟಿಸಿದವನು ಧಾರಾಳವಾಗಿ ಕೊಟ್ಟಿರುವುದು ಅದೊಂದನ್ನೇ.

"ನಗ್ಬೇಡಿ ಉಸ್ಮಾನಾಕ. ಅದು ಮೀಸಾನ್ ಕಲ್ಲು. ಕಾರ್ಕಳದಲ್ಲಿ ಮಾಡಿಸಿದ್ದು, ಉಪ್ಪನ ಹೆಸರು ಕೆತ್ತಿದ್ದಾರೆ. ಖಬರಿನ ತಲೆ ಹತ್ರ ಊರ್ಲಿಕ್ಕೆ ಅಂತ ಉಮ್ಮ ಹನ್ನೊಂದು ಕೆಜಿ ಹೊತ್ಕೊಂಡು ಬಂದಿದ್ದಾರೆ" ಎಂದಳು.

ನನ್ನ ನಗು ನಿಂತಿತು.

ಮುಂದಿನದನ್ನು ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಕೊಂಡು ಅರ್ಧ ದಾರಿ ಬಂದಿರುತ್ತೀರಿ. ಝುಬೈದಾಳ ಗಂಡ ಅಬ್ಬಾಸ್ ನನ್ನ ಗೆಳೆಯ. ಇಬ್ಬರೂ ಉಪ್ಪಿನಂಗಡಿಯವರು, ಒಂದೇ ಮದ್ರಸದಲ್ಲಿ ಒಂದೇ ಬೆತ್ತದಿಂದ ಪೆಟ್ಟು ತಿಂದವರು. ಅವನಿಗೆ ವೀಸಾ ಮಾಡಿಸಿ ಇಲ್ಲಿಗೆ ಕರೆಸಿದವನೂ ನಾನೇ. ಸೊಹಾರಿನಿಂದ ಬುರೈಮಿಗೆ ಹೋಗುವ ವಾದಿ ಜಿಝ್ಝಿ ರಸ್ತೆಯಲ್ಲಿ, ಬೆಟ್ಟಗಳ ಒಳಗೆ, ಆಗ ಒಂದು ತಾಮ್ರದ ಗಣಿ ನಡೆಯುತ್ತಿತ್ತು. ನಾವು ಅದನ್ನು ಕಾಪರ್ ಕ್ಯಾಂಪ್ ಎನ್ನುತ್ತಿದ್ದೆವು. ಮೊದಲು ಇಬ್ಬರೂ ಅಲ್ಲಿದ್ದೆವು. ನನಗೆ ಆ ಧೂಳು ಸಾಕಾಗಿ ಸುವೈಕಿನ ಒಂದು ಹಾರ್ಡ್‌ವೇರ್ ಅಂಗಡಿ ಸೇರಿಕೊಂಡೆ. ಅಬ್ಬಾಸ್ ಅಲ್ಲೇ ಉಳಿದ. ತೊಂಬತ್ತೊಂದರ ಜೂನಿನಲ್ಲಿ ಒಂದು ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ವಯಸ್ಸು. ನಮ್ಮಲ್ಲಿ ಮಯ್ಯತ್ತನ್ನು ಕಾಯಿಸುವುದಿಲ್ಲ, ಅದೇ ಸಂಜೆ ಗಣಿಯ ಪಕ್ಕದ ಹಳ್ಳಿಯಲ್ಲಿ ದಫನ್ ಮಾಡಿದ್ದರು. ಸುದ್ದಿ ನನಗೆ ಮುಟ್ಟಿದ್ದು ಮೂರನೆಯ ದಿನ.

ಊರಿನಲ್ಲಿ ಝುಬೈದಾ ಆಗ ಆರು ತಿಂಗಳ ಬಸುರಿ. ಅವಳಿಂದ ಕಾಗದದ ಮೇಲೆ ಕಾಗದ ಬಂತು. 'ಬೇರೆ ಏನೂ ಬೇಡ, ಅವರು ಮಲಗಿರುವ ಜಾಗದ್ದೊಂದು ಫೋಟೋ ಕಳಿಸಿ.' ಎರಡು ತಿಂಗಳ ನಂತರ ಒಂದು ಸಾಮಾನಿನ ಲಾರಿ ಹತ್ತಿ, ಯಾರದೋ ಕ್ಯಾಮೆರಾ ಹಿಡಿದು ಹೋದೆ. ಖಬರಸ್ಥಾನದಲ್ಲಿ ನೂರಾರು ಖಬರುಗಳು, ಒಂದರ ಮೇಲೂ ಹೆಸರಿಲ್ಲ. ಇಲ್ಲಿಯವರು ಹೆಸರು ಬರೆಯುವುದಿಲ್ಲ, ಬರೀ ಕಲ್ಲು ನಿಲ್ಲಿಸುತ್ತಾರೆ. ದಫನ್ ಮಾಡಿದ ಕ್ಯಾಂಪಿನವರು ರಜೆಗೆ, ಬೇರೆ ಕೆಲಸಕ್ಕೆ ಎಂದು ಎಲ್ಲೆಲ್ಲೋ ಚದುರಿದ್ದರು. ಯಾರಿಗೂ ಗೊತ್ತಿರಲಿಲ್ಲ ಎಂದೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದಿದ್ದೇನೆ. ಕೊನೆಗೆ ಒಂದು ಚಂದದ ಖಬರನ್ನು ಆರಿಸಿದೆ. ಸುತ್ತಲಿನವಕ್ಕೆ ಎರಡು ಕಲ್ಲು ಇದ್ದರೆ ಇದಕ್ಕೆ ಮೂರಿತ್ತು. ಸ್ವಲ್ಪ ಗೌರವವಾಗಿ ಕಾಣಿಸಿತು. ಫೋಟೋ ತೆಗೆದು ಕಳಿಸಿದೆ.

ಝುಬೈದಾ ಅದನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದಳು. ಪ್ರತಿ ಗುರುವಾರ ಸಂಜೆ ಅದರ ಮುಂದೆ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಾಳೆ ಎಂದು ರಜೆಗೆ ಹೋದಾಗಲೆಲ್ಲ ಕೇಳುತ್ತಿದ್ದೆ. ಅವಳಿಗೆ ಮರುಮದುವೆಗೆ ಎರಡು ಸಂಬಂಧ ಬಂದಿದ್ದವು. ಎರಡನ್ನೂ ಬೇಡವೆಂದಳು.

ಹನ್ನೊಂದು ವರ್ಷ ಕಳೆದ ಮೇಲೆ ಸುವೈಕಿನಲ್ಲಿ ನನ್ನ ಗಿರಾಕಿಯೊಬ್ಬನ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅವರು ತಲೆಯ ಹತ್ತಿರ ಒಂದು, ಕಾಲಿನ ಹತ್ತಿರ ಒಂದು, ನಡುವೆ ಒಂದು ಕಲ್ಲು ನಿಲ್ಲಿಸಿದರು. ಮೂರು ಏಕೆ ಎಂದು ಕೇಳಿದೆ. "ಗಂಡಸಿಗೆ ಎರಡು, ಹೆಂಗಸಿಗೆ ಮೂರು. ಇಷ್ಟು ವರ್ಷ ಇಲ್ಲಿದ್ದೂ ನಿನಗೆ ಗೊತ್ತಿಲ್ಲವೇ?" ಎಂದ ಅವನು. ಆ ದಿನದಿಂದ ನನಗೆ ಗೊತ್ತು. ಝುಬೈದಾಳಿಗೆ ಗೊತ್ತಿಲ್ಲ.

ಈಗ ಅವಳು ವಿಸಿಟ್ ವೀಸಾದಲ್ಲಿ ರೂವಿಯಲ್ಲಿರುವ ಮಗಳ ಮನೆಗೆ ಬಂದಿದ್ದಳು. ಗುರುವಾರವೇ ಹೋಗಬೇಕು ಎಂದಿದ್ದಳು. ಅಳಿಯ ಮಹ್ರೂಫನಿಗೆ ರಜೆ ಸಿಗಲಿಲ್ಲ. ಹಾಗಾಗಿ ತಾಯಿ ಮಗಳು ಬೆಳಗಿನ ಬಸ್ಸು ಹಿಡಿದು, ಕಲ್ಲನ್ನು ಒಂದು ಹಳೆಯ ಬೈರಾಸಿನಲ್ಲಿ ಸುತ್ತಿಕೊಂಡು ಸುವೈಕಿನಲ್ಲಿ ಇಳಿದರು. ಡ್ರೈವರ್ ಅದನ್ನು ಇಳಿಸಿಕೊಡುತ್ತಾ ಏನಮ್ಮಾ ಚಿನ್ನವಾ ಎಂದು ಹಿಂದಿಯಲ್ಲಿ ಕೇಳಿದನಂತೆ.

ನನ್ನ ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು, ನಡುವೆ ಕಲ್ಲು. ರಾಫಿಯಾ ಅದಕ್ಕೂ ಸೀಟ್ ಬೆಲ್ಟ್ ಹಾಕಿದಳು. ಅಪ್ಪನ ಮುಖ ನೋಡದ ಹುಡುಗಿ ಅವಳು, ಈಗ ಮೂವತ್ಮೂರು ವರ್ಷ. ರೂವಿಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿನಲ್ಲಿ ಕೂತು ನನಗಿಂತ ಶುದ್ಧವಾಗಿ ಅರಬ್ಬಿ ಮಾತಾಡುತ್ತಾಳೆ.

"ಗುದ್ದಲಿ ಉಂಟಾ ಉಸ್ಮಾನಾಕ?" ಝುಬೈದಾ ಕೇಳಿದಳು.

"ಹಾರ್ಡ್‌ವೇರ್ ಅಂಗಡಿಯವನ ಹತ್ರ ಗುದ್ದಲಿ ಕೇಳ್ತೀಯಲ್ಲ."

ಅವಳು ನಕ್ಕಳು. ಅರುವತ್ತು ವರ್ಷದ ಹೆಂಗಸು ಮದುವೆಗೆ ಹೊರಟವಳ ಹಾಗೆ ಹೊಸ ಬುರ್ಖಾ ಹಾಕಿ, ಕಣ್ಣಿಗೆ ಸುರ್ಮಾ ಹಚ್ಚಿ ಬಂದಿದ್ದಳು. ಈಗ ಹೇಳಬೇಕು ಎಂದುಕೊಂಡೆ. ಸುವೈಕ್ ದಾಟುವುದರೊಳಗೆ ಹೇಳಿದರೆ ಗಾಡಿ ತಿರುಗಿಸಬಹುದು, ಬಿರಿಯಾನಿ ತಿನ್ನಿಸಿ ಬಸ್ಸು ಹತ್ತಿಸಬಹುದು. ಹೇಳಲಿಲ್ಲ. ಸಹಮಿನಲ್ಲಿ ಕರಕ್ ಚಹಾ ಕುಡಿಯುವಾಗ ಹೇಳುತ್ತೇನೆ ಎಂದುಕೊಂಡೆ. ಅಲ್ಲಿ ಅವಳು ಚೀಲದಿಂದ ಪತ್ತಿರ್ ತೆಗೆದು ನನ್ನ ಕೈಗಿಟ್ಟಳು. ಬಾಯಲ್ಲಿ ಅವಳು ಕೊಟ್ಟ ರೊಟ್ಟಿ ಇಟ್ಟುಕೊಂಡು ಹೇಗೆ ಹೇಳಲಿ? ಸೊಹಾರಿನ ಪೆಟ್ರೋಲ್ ಬಂಕಿನಲ್ಲಿ ಗಾಜು ಒರೆಸಿದ್ದನ್ನೇ ಮತ್ತೆ ಒರೆಸಿದೆ. ರಾಫಿಯಾ ಕಿಟಕಿ ಇಳಿಸಿ "ಸಾಕು ಮಾರಾಯ್ರೆ, ಯಲ್ಲಾ, ಹೊರಡುವ" ಎಂದಳು.

ಸೊಹಾರ್ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ವಾದಿ ಜಿಝ್ಝಿ ರಸ್ತೆ. ತೋಟಗಳು ಮುಗಿದು ಜಲ್ಲಿಯ ಬಯಲು, ಬಯಲು ಮುಗಿದು ಬೆಟ್ಟ. ನಾವಿದ್ದಾಗಿನ ರಸ್ತೆ ಎಷ್ಟೋ ಕಡೆ ಪಕ್ಕದಲ್ಲಿ ಮುರಿದು ಬಿದ್ದಿದೆ, ಈಗಿನದು ಅಗಲವಾಗಿ, ನುಣ್ಣಗೆ, ಲಾರಿಗಳಿಗಾಗಿ ಹಾಕಿದ್ದು. ಬೆಟ್ಟಗಳಿಗೆ ಮರವಿಲ್ಲ, ಹುಲ್ಲಿಲ್ಲ, ಸುಟ್ಟ ಇಟ್ಟಿಗೆಯ ಬಣ್ಣ. ಫೆಬ್ರವರಿಯಾದ್ದರಿಂದ ಗಾಳಿ ಮಾತ್ರ ತಂಪಾಗಿತ್ತು.

"ಈ ರಸ್ತೆ ಬಗ್ಗೆ ಅವರು ಕಾಗದದಲ್ಲಿ ಬರ್ದಿದ್ರು" ಎಂದಳು ಝುಬೈದಾ. "ಐದು ಸಾವಿರ ವರ್ಷದ ಹಳೇ ದಾರಿಯಂತೆ. ಕತ್ತೆ ಮೇಲೆ, ಒಂಟೆ ಮೇಲೆ ತಾಮ್ರ ಹೇರ್ಕೊಂಡು ಸಮುದ್ರಕ್ಕೆ ಹೋಗ್ತಿದ್ರಂತೆ. ಅದನ್ನು ಓದಿ ನನಗೆ ಧೈರ್ಯ ಬಂದಿತ್ತು ಉಸ್ಮಾನಾಕ. ಅಷ್ಟು ಜನ ನಡೆದ ದಾರಿಯಲ್ಲಿ ಮನುಷ್ಯ ಕಳ್ದುಹೋಗ್ಲಿಕ್ಕಿಲ್ಲ ಅಂತ."

ನಾನು ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದೆ.

"ಒಂದು ಲೆಕ್ಕಕ್ಕೆ ಇಲ್ಲಿ ಆದದ್ದೇ ಒಳ್ಳೇದಾಯ್ತೋ ಏನೋ. ಊರಲ್ಲಾದ್ರೆ ಹೆಂಗಸರನ್ನು ಖಬರಸ್ಥಾನದ ಒಳಗೆ ಎಲ್ಲಿ ಬಿಡ್ತಾರೆ? ಮಸೀದಿ ಗೋಡೆಯ ಹೊರಗೆ ನಿಂತು ಬರ್ಬೇಕು. ಇಲ್ಲಿ ಗೋಡೆ ಇಲ್ಲ ಅಂತ ಫೋಟೋದಲ್ಲಿ ಕಾಣ್ತದೆ. ಹತ್ರ ಕೂತು, ಕೈಯಿಟ್ಟು ಓದ್ಬಹುದು."

ಅಂಥ ಮಾತಿನ ಮೇಲೆ ಬಾಯಿ ತೆರೆಯುವ ಗಂಡಸು ಬೇರೆ ಯಾರಾದರೂ ಇದ್ದಾನು. ನಾನು ಹೇಡಿ. ನನ್ನಲ್ಲಿ ಒಂದು ಕೆಟ್ಟ ಆಸೆಯೂ ಇತ್ತು. ಮೂವತ್ಮೂರು ವರ್ಷದಲ್ಲಿ ಆ ಜಾಗ ಬದಲಾಗಿರುತ್ತದೆ, ಅವಳಿಗೆ ಗುರುತು ಸಿಗುವುದಿಲ್ಲ, ಯಾವುದಾದರೂ ಎರಡು ಕಲ್ಲಿನ ಖಬರನ್ನು ತೋರಿಸಿ, ಕಲ್ಲು ಊರಿ, ಓದಿಸಿ ಕರೆದುಕೊಂಡು ಬಂದರಾಯಿತು ಎಂದು.

ಕಾಪರ್ ಕ್ಯಾಂಪಿನ ಅಡ್ಡರಸ್ತೆಯ ಬೋರ್ಡು ಕೂಡ ಈಗಿಲ್ಲ. ನೆನಪಿನ ಮೇಲೆ ತಿರುಗಿಸಿದೆ. ಗಣಿ ಮುಚ್ಚಿ ವರ್ಷಗಳಾದವು. ನಾವು ಮಲಗುತ್ತಿದ್ದ ಪೋರ್ಟ ಕ್ಯಾಬಿನ್ನುಗಳ ಜಾಗದಲ್ಲಿ ಸಿಮೆಂಟಿನ ಚೌಕಗಳು ಮಾತ್ರ ಉಳಿದಿವೆ. ಕ್ರಷರಿನ ಕಬ್ಬಿಣ ತುಕ್ಕು ಹಿಡಿದು ಒರಗಿದೆ. ಒಂದು ಕಡೆ ನಮ್ಮ ಕಾಲದ ಕಪ್ಪು ಕಿಟ್ಟದ ರಾಶಿ, ಇನ್ನೊಂದು ಕಡೆ ಸಾವಿರಾರು ವರ್ಷದ ಹಿಂದಿನವರು ತಾಮ್ರ ಕರಗಿಸಿ ಚೆಲ್ಲಿದ ರಾಶಿ. ಎರಡೂ ಒಂದೇ ಥರ ಕಾಣುತ್ತಿದ್ದವು. ಮೆಸ್ಸಿದ್ದ ಕಡೆ ಗಾಡಿ ನಿಲ್ಲಿಸಿ, "ಇಲ್ಲಿ ಅಬ್ಬಾಸ್ ಶುಕ್ರವಾರ ಮೀನುಸಾರು ಮಾಡ್ತಿದ್ದ" ಎಂದೆ. ಅದಾದರೂ ನಿಜವಿತ್ತು. ಝುಬೈದಾ ಇಳಿದು ಆ ಸಿಮೆಂಟನ್ನು ಸ್ವಲ್ಪ ಹೊತ್ತು ನೋಡಿದಳು.

ಖಬರಸ್ಥಾನ ಅಲ್ಲಿಂದ ಎರಡು ಕಿಲೋಮೀಟರ್, ಹಳ್ಳಿಗೂ, ಮಳೆ ಬಂದರೆ ಮಾತ್ರ ಹರಿಯುವ ವಾದಿಯೆಂಬ ಒಣ ಹೊಳೆಗೂ ನಡುವಿನ ಇಳಿಜಾರಿನಲ್ಲಿ. ಗಾಡಿ ನಿಂತದ್ದೇ ತಡ, ಝುಬೈದಾ ಚೀಲದಿಂದ ಫೋಟೋ ತೆಗೆದಳು. ಫ್ರೇಮಿನಿಂದ ಬಿಡಿಸಿ ತಂದಿದ್ದಳು. ಅದನ್ನು ಕಣ್ಣಿನ ಎತ್ತರಕ್ಕೆ ಹಿಡಿದು ಬೆಟ್ಟದ ಸಾಲಿಗೆ ಹೊಂದಿಸಿದಳು.

"ಈ ಗುಡ್ಡದ ತುದಿ ಎರಡಾಗಿ ಸೀಳಿದೆ ನೋಡಿ. ಅದರ ಬಲಕ್ಕೆ. ಆ ಜಾಲಿ ಮರ, ಅದೇ, ಈಗ ದೊಡ್ಡದಾಗಿದೆ."

ನಾನು ದಾರಿ ತೋರಿಸಬೇಕಾಗಿಯೇ ಬರಲಿಲ್ಲ. ಅವಳು ಬುರ್ಖಾ ಎತ್ತಿ ಹಿಡಿದು, ಖಬರುಗಳ ನಡುವೆ ಯಾವುದನ್ನೂ ತುಳಿಯದೆ, ತನ್ನ ಅಡುಗೆಮನೆಯಲ್ಲಿ ಓಡಾಡುವವಳ ಹಾಗೆ ನೇರವಾಗಿ ನಡೆದಳು. ಮೂರು ಕಲ್ಲುಗಳ ಮುಂದೆ ನಿಂತು ಸಲಾಂ ಹೇಳಿದಳು. ಕೂತಳು. ನಡುವಿನ ಕಲ್ಲಿನ ಮೇಲೆ ಕೈ ಇಟ್ಟು, "ಬಂದೆ" ಎಂದಳು. "ರಾಫಿಯಾಳನ್ನೂ ಕರ್ಕೊಂಡು ಬಂದಿದ್ದೇನೆ" ಎಂದಳು. ರಾಫಿಯಾ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಯಾಸೀನ್ ಪೂರ್ತಿ ಓದುವವರೆಗೆ ನಾನು ಗುದ್ದಲಿ ಹಿಡಿದು ನಿಂತಿದ್ದೆ. ಓದಿ ಮುಗಿಸಿ ದುಆ ಮಾಡಿದ ಮೇಲೆ ಅವಳು ಬೈರಾಸಿನ ಗಂಟು ಬಿಚ್ಚಿದಳು. ಕಪ್ಪು ಕಲ್ಲು, ಮೇಲೆ ಚಂದ್ರನ ಗೆರೆ, ಕೆಳಗೆ ಕನ್ನಡದಲ್ಲಿಯೂ ಅರಬ್ಬಿಯಲ್ಲಿಯೂ ಅಬ್ಬಾಸನ ಹೆಸರು, ಅವನ ತಂದೆಯ ಹೆಸರು, ತಾರೀಕು.

"ಇಲ್ಲಿ ತೆಗೀರಿ ಉಸ್ಮಾನಾಕ. ಒಂದು ಮೊಳ ಸಾಕು."

ಗುದ್ದಲಿ ಎತ್ತಿದೆ. ಸುಳ್ಳು ಫೋಟೋ ಕಳಿಸಿದ ಕೈಗೆ ಒಂದು ಗುಂಡಿ ತೋಡುವುದು ಏನು ಕಷ್ಟ? ಆದರೆ ಯಾರೋ ಹೆಂಗಸು ಮಲಗಿದ್ದಾಳೆ, ಅವಳ ತಲೆಯ ಹತ್ತಿರ ಅಗೆದು ಪರ ಗಂಡಸಿನ ಹೆಸರು ಊರಬೇಕು. ಆ ಮಣ್ಣಿಗೆ ಗುದ್ದಲಿ ಹಾಕಲು ಆಗಲಿಲ್ಲ.

"ಝುಬೈದಾ, ಇದು ಅಬ್ಬಾಸನ ಖಬರ್ ಅಲ್ಲ."

ಅವಳು ತಲೆಯೆತ್ತಿದಳು.

"ಇದು ಹೆಂಗಸಿನದ್ದು. ಇಲ್ಲಿ ಹೆಂಗಸರಿಗೆ ಮೂರು ಕಲ್ಲು ಇಡ್ತಾರೆ. ಆಗ ನನಗೆ ಗೊತ್ತಿರಲಿಲ್ಲ. ಅವನದ್ದು ಯಾವ್ದು ಅಂತ ಆವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಸುಮ್ನೆ ಒಂದರ ಫೋಟೋ ತೆಗ್ದು ಕಳಿಸಿದ್ದು."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಆಸೆಯಾಯಿತು. ಅವಳು ಆ ಕಲ್ಲಿನ ಮೇಲಿನಿಂದ ಕೈ ತೆಗೆದು, ತಪ್ಪಿ ಬೇರೆಯವರ ಹಾಸಿಗೆಯಲ್ಲಿ ಕೂತವಳ ಹಾಗೆ ಥಟ್ಟನೆ ಎದ್ದು ದೂರ ಸರಿದಳು. ರಾಫಿಯಾ ನನ್ನನ್ನು ನೋಡುತ್ತಿದ್ದಳು. ಆ ನೋಟವನ್ನು ನಾನು ಬರೆಯುವುದಿಲ್ಲ.

"ಹಾಗಾದ್ರೆ ಸರಿಯಾದ್ದನ್ನು ಹುಡುಕುವ" ಎಂದಳು ಝುಬೈದಾ ಕೊನೆಗೆ. ಧ್ವನಿ ಗಟ್ಟಿಯಾಗಿತ್ತು. "ಇಲ್ಲೇ ತಾನೆ ಇರೋದು? ಯಾರಾದ್ರೂ ಹಳಬರ ಹತ್ರ ಕೇಳುವ. ರಾಫಿಯಾ, ನೀನು ಕೇಳು."

ಕೇಳಲು ದೂರ ಹೋಗಬೇಕಾಗಲಿಲ್ಲ. ನಮ್ಮ ಗಾಡಿ ನೋಡಿ ಹಳ್ಳಿಯಿಂದ ಒಬ್ಬ ಮುದುಕ ಕೋಲೂರಿಕೊಂಡು ಇಳಿದು ಬರುತ್ತಿದ್ದ. ಎಂಬತ್ತರ ಆಸುಪಾಸು, ಪಾದ ಮುಟ್ಟುವ ಬಿಳಿಯ ದಿಶ್ದಾಶಾ, ತಲೆಗೆ ಸುತ್ತಿದ ಮಸ್ಸರ್. ರಾಫಿಯಾ ಸಲಾಂ ಹೇಳಿ ವಿಷಯ ತಿಳಿಸಿದಳು. ಅವನು ಮೊದಲು ಮೂರು ಕಲ್ಲುಗಳ ಕಡೆ ನೋಡಿ, ಅದು ತನ್ನ ಅತ್ತೆಯದು ಎಂದ. ಸಿಟ್ಟೇನೂ ಇರಲಿಲ್ಲ. ಆಮೇಲೆ ಅಬ್ಬಾಸ್ ಎಂಬ ಹೆಸರನ್ನು ಎರಡು ಸಲ ಬಾಯಲ್ಲಿ ಆಡಿಸಿದ.

"ಗಣಿಯಲ್ಲಿದ್ದ ಇಂಡಿಯಾದವನು? ಉದ್ದನೆಯವನು? ಬೇಸಗೆಯಲ್ಲಿ ನಿದ್ದೆಯಲ್ಲೇ ಹೋದವನು?"

ಝುಬೈದಾಳಿಗೆ ಅರಬ್ಬಿ ಬರುವುದಿಲ್ಲ. ಮುದುಕನ ಮುಖ ನೋಡಿಯೇ ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ ಇಳಿಸಿದ್ದು ಅವನನ್ನು" ಎಂದ ಮುದುಕ. "ಕಾಲಿನ ಕಡೆ ನಾನು ಹಿಡಿದಿದ್ದೆ. ಅವನಿಗೆ ಇಲ್ಲಿ ಯಾರೂ ಇರಲಿಲ್ಲ. ಮನೆಯವರು ಯಾರಾದರೂ ಬಂದಾರು, ಅವರಿಗೆ ತಿಳಿಯಲಿ ಎಂದು ಎರಡು ಬಿಳಿ ಕಲ್ಲು ಹುಡುಕಿ ನಿಲ್ಲಿಸಿದ್ದೆ. ಯಾರೂ ಬಂದು ಕೇಳಲಿಲ್ಲ."

"ಎಂತ ಹೇಳ್ತಾರೆ?" ಝುಬೈದಾ ನನ್ನನ್ನು ಕೇಳಿದಳು, ಮಗಳನ್ನಲ್ಲ.

ರಾಫಿಯಾ ಅಲ್ಲಿರದಿದ್ದರೆ ನಾನು ಬಹುಶಃ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಇದ್ದಳು. ಒಂದು ಮಾತೂ ಬಿಡದೆ ಹೇಳಿದೆ. ಬಿಳಿ ಕಲ್ಲು ಎಂದದ್ದು ಕೇಳಿ ಅವಳ ಕಣ್ಣು ಅರಳಿತು. ಬಗ್ಗಿ ಮೀಸಾನ್ ಕಲ್ಲನ್ನು ತಾನೇ ಎತ್ತಿಕೊಂಡಳು.

"ಎಲ್ಲಿ? ತೋರಿಸ್ಲಿಕ್ಕೆ ಹೇಳಿ."

ಮುದುಕ ಕೋಲೆತ್ತಿ ಇಳಿಜಾರಿನ ಕೆಳತುದಿ ತೋರಿಸಿದ. ಅಲ್ಲಿ ನೆಲ ಕತ್ತರಿಸಿದಂತೆ ನಿಂತಿತ್ತು. ಅದರಾಚೆ ಖಾಲಿ ವಾದಿ, ಉರುಟು ಕಲ್ಲುಗಳು, ಬಿಸಿಲು.

"ಗಣಿಯವರು ನಾಲ್ಕು ಜನ ಆ ಕೆಳಸಾಲಿನಲ್ಲಿದ್ದರು. ಮೂರು ವರ್ಷದ ಹಿಂದೆ ವಾದಿ ತುಂಬಿ ಬಂತು. ಒಂದೇ ರಾತ್ರಿ. ಬೆಳಿಗ್ಗೆ ನಾನು, ನನ್ನ ಮಕ್ಕಳು ಬಂದು ನೋಡಿದೆವು. ಮೇಲಿನವರಲ್ಲಿ ತೆರೆದುಕೊಂಡವರನ್ನು ಮತ್ತೆ ಮುಚ್ಚಿದೆವು. ಕೆಳಸಾಲು ಇರಲೇ ಇಲ್ಲ. ಹುಡುಕಿಕೊಂಡು ಸೊಹಾರಿನ ಬಯಲಿನವರೆಗೂ ಹೋದೆವು, ವಲ್ಲಾಹ್. ಏನೂ ಸಿಗಲಿಲ್ಲ."

ಈ ಸಲ ರಾಫಿಯಾ ಹೇಳಿದಳು, ತಾಯಿಯ ಭುಜ ಹಿಡಿದುಕೊಂಡು.

ಝುಬೈದಾ ಆ ಅಂಚಿನವರೆಗೆ ನಡೆದಳು. ನಾವು ಹಿಂದೆ ಹೋದೆವು. ಹನ್ನೊಂದು ಕೆಜಿ ಎದೆಗೆ ಅವುಚಿಕೊಂಡು ಕೆಳಗೆ ನೋಡುತ್ತಾ ನಿಂತಳು. ಬಿಳಿಯ ಕಲ್ಲುಗಳು ವಾದಿಯ ತುಂಬ ಇದ್ದವು, ಸಾವಿರ, ಲಕ್ಷ. ಯಾವ ಎರಡನ್ನು ಹುಡುಕುತ್ತೀರಿ?

"ಆವತ್ತು ನೀವು ಬಂದಾಗ ಈ ಮುದುಕ ಇಲ್ಲೇ ಇದ್ರಾ?" ಎಂದು ಕೇಳಿದಳು, ತಿರುಗದೆ.

"ಇದ್ದಿರಬೇಕು."

"ನೀವು ಕೇಳಿದ್ರಾ? ಯಾರ ಹತ್ರ ಆದ್ರೂ?"

ಮೂವತ್ಮೂರು ವರ್ಷ ನನಗೆ ನಾನು ಹೇಳಿಕೊಂಡದ್ದು ಬಾಯಿಯವರೆಗೆ ಬಂತು. ಹೇಳಿದ್ದು ಬೇರೆ.

"ಇಲ್ಲ. ಆಗಸ್ಟಿನ ಬಿಸಿಲು. ಲಾರಿಯವ ಹಾರ್ನ್ ಹೊಡೀತಿದ್ದ. ಹಳ್ಳಿವರೆಗೆ ಹತ್ತಿ ಹೋಗ್ಬೇಕಿತ್ತು. ಹೋಗ್ಲಿಲ್ಲ."

"ಎಷ್ಟು ಹೊತ್ತು ಇದ್ರಿ?"

"ಹತ್ತು ನಿಮಿಷ."

"ಹತ್ತು ನಿಮಿಷ" ಎಂದಳು ಅವಳೂ.

ಮುದುಕ ಖಹ್ವಾ ಕುಡಿದು ಹೋಗಿ ಎಂದು ಬಹಳ ಒತ್ತಾಯಿಸಿದ. ಮನೆಗೆ ಕರೆದುಕೊಂಡು ಹೋಗಿ ಖರ್ಜೂರ ಇಟ್ಟ. ಝುಬೈದಾ ಒಂದನ್ನು ತೆಗೆದುಕೊಂಡು ಕೈಯಲ್ಲೇ ಹಿಡಿದು ಕೂತಿದ್ದಳು. ಹೊರಡುವಾಗ ಅವನು ಕಲ್ಲಿನ ಕಡೆ ತೋರಿಸಿ, ಬೇಕಾದರೆ ವಾದಿಯ ದಡದಲ್ಲಿ ನಿಲ್ಲಿಸಿ, ನಾನಿರುವವರೆಗೆ ನೋಡಿಕೊಳ್ಳುತ್ತೇನೆ ಎಂದ. ಝುಬೈದಾ ಬೇಡವೆಂದು ತಲೆಯಾಡಿಸಿದಳು. "ಯಾರೂ ಇಲ್ಲದ ಜಾಗದಲ್ಲಿ ಇವರು ಮಲಗಿದ್ದಾರೆ ಅಂತ ಬರ್ದಿಟ್ರೆ ಅದು ಇನ್ನೊಂದು ಸುಳ್ಳಾಗ್ತದೆ" ಎಂದಳು. ಅದನ್ನು ಅರಬ್ಬಿಯಲ್ಲಿ ಹೇಳಲು ರಾಫಿಯಾಳೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ವಾಪಸು ದಾರಿಯಲ್ಲಿ ನಾನು ಒಂದೆರಡು ಸಲ ಕನ್ನಡಿಯಲ್ಲಿ ನೋಡಿದೆ. ಈ ಸಲ ಕಲ್ಲಿಗೆ ಯಾರೂ ಬೆಲ್ಟ್ ಹಾಕಿರಲಿಲ್ಲ. ತಿರುವುಗಳಲ್ಲಿ ಅದು ಅವಳ ಕಡೆಗೊಮ್ಮೆ, ರಾಫಿಯಾಳ ಕಡೆಗೊಮ್ಮೆ ವಾಲುತ್ತಿತ್ತು. ಮಾಫಿ ಕೇಳಬೇಕಿತ್ತು. ಸಹಮಿನ ಹತ್ತಿರ ಕೇಳಿದೆ ಕೂಡ. "ನನ್ನನ್ನು ಮಾಫ್ ಮಾಡು ಝುಬೈದಾ" ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಸುವೈಕಿನಲ್ಲಿ ಬಸ್ಸು ಬಂದಾಗ ನಾನು ಕಲ್ಲನ್ನು ಎತ್ತಿ ಡಿಕ್ಕಿಯ ಕಡೆ ಒಯ್ದೆ.

"ಬೇಡ" ಎಂದಳು ಝುಬೈದಾ. "ಅದನ್ನು ನೀವೇ ಇಟ್ಕೊಳ್ಳಿ ಉಸ್ಮಾನಾಕ. ನಿಮ್ಮ ಅಂಗಡಿಯಲ್ಲಿ. ನನಗೆ ಹೊತ್ತು ಸಾಕಾಯ್ತು."

ಹಾಗೆ ಅಬ್ಬಾಸನ ಮೀಸಾನ್ ಕಲ್ಲು ನನ್ನ ಅಂಗಡಿಯಲ್ಲಿ, ಪೈಪುಗಳ ಮತ್ತು ಬಣ್ಣದ ಡಬ್ಬಿಗಳ ನಡುವೆ ನಿಂತಿದೆ. ಮೊದಲ ದಿನ ಹೆಸರನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಮರುದಿನ ನಾನೇ ಹೋಗಿ ಈ ಕಡೆಗೆ ತಿರುಗಿಸಿದೆ. ಗಿರಾಕಿಗಳು ಮಾರಾಟಕ್ಕಿದೆಯೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

ಝುಬೈದಾ ವೀಸಾ ಮುಗಿಯುವ ಮೊದಲೇ ಊರಿಗೆ ಹೋದಳು. ಎರಡು ತಿಂಗಳು ರಾಫಿಯಾ ನನಗೆ ಫೋನ್ ಮಾಡಲಿಲ್ಲ, ನನಗೂ ಮಾಡಲು ಮುಖವಿರಲಿಲ್ಲ. ಮೊನ್ನೆ ಗುರುವಾರ ಸಂಜೆ ಅಂಗಡಿಯಲ್ಲಿದ್ದಾಗ ಅವಳದೇ ಫೋನ್ ಬಂತು.

"ಉಮ್ಮ ಓದುವುದನ್ನು ನಿಲ್ಲಿಸಿದ್ದಾರೆ ಉಸ್ಮಾನಾಕ."

"ಎಂತ?"

"ಯಾಸೀನ್. ಗುರುವಾರ ಆಯ್ತು ಅಂದ್ರೆ ಕೈಕಾಲು ಮುಖ ತೊಳ್ದು ವುಝೂ ಮಾಡಿ, ಚಾಪೆ ಹಾಸಿ ಕೂತ್ಕೊಳ್ತಾರಂತೆ. ಗೋಡೆ ನೋಡ್ತಾ ಇರ್ತಾರಂತೆ, ಆ ಫೋಟೋ ಇದ್ದ ಜಾಗ. ಬಾಯಿ ತೆರೆಯುವುದಿಲ್ಲ. ಎಲ್ಲಿ ಓದಿದ್ರೂ ಮುಟ್ತದೆ, ಜಾಗ ಗೊತ್ತಿರ್ಬೇಕು ಅಂತಿಲ್ಲ ಅಂತ ಉಸ್ತಾದರು ಬಂದು ಹೇಳಿದ್ರು. ಅದೆಲ್ಲ ನನಗೂ ಗೊತ್ತುಂಟು ಅಂತಾರೆ. ಆದ್ರೂ ಆಗುವುದಿಲ್ಲ ಅಂತಾರೆ. 'ಮೂವತ್ಮೂರು ವರ್ಷ ಅವರ ಹತ್ರ ಕೂತ ಹಾಗೆ ಓದಿದೆ, ಈಗ ಎಲ್ಲಿ ಅಂತ ಕೂತ್ಕೊಳ್ಲಿ' ಅಂತ ಕೇಳ್ತಾರೆ."

ಅವಳು ಅಳುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಯಾರದೋ ವರದಿ ಓದುವ ಧ್ವನಿಯಲ್ಲೇ ಹೇಳಿದಳು.

"ನೀನು ಎಂತ ಹೇಳಿದೆ?" ಎಂದು ಕೇಳಿದೆ.

"ನನಗೆ ಎಂತ ಗೊತ್ತು? ನನಗೆ ಗೊತ್ತಿಲ್ಲ ಉಮ್ಮ ಅಂದೆ. ಆಗ ಅವರು, 'ಉಸ್ಮಾನಾಕನ ಹತ್ರ ಕೇಳು, ಅವರು ಮೊದ್ಲು ಒಂದು ಸಲ ಜಾಗ ಹೇಳಿದ್ರಲ್ಲ' ಅಂದ್ರು."